ಅಂಗಡಿಗೆ ಯಾವ ಇನ್ಶೂರೆನ್ಸ್ ಬೇಕು? ಕರಾವಳಿಯ ಸಣ್ಣ ವ್ಯಾಪಾರಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

2018ರ ಮೇ 29ರ ಮಳೆ ಮಂಗಳೂರಿನವರಿಗೆ ಇನ್ನೂ ನೆನಪಿದೆ. ಕೊಟ್ಟಾರ ಚೌಕಿಯಲ್ಲಿ ರಸ್ತೆ ಯಾವುದು, ತೋಡು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ನಾನು ಲೆಕ್ಕ ಬರೆಯುವ ಬೇಕರಿಯೊಂದು ಆ ಕಡೆಯೇ ಇತ್ತು. ಮರುದಿನ ಹೋದಾಗ ಮಾಲೀಕರು ಮೈದಾ ಚೀಲಗಳನ್ನು ಹೊರಗೆ ಎಳೆಯುತ್ತಿದ್ದರು. ಗೋಡೆಯ ಮೇಲೆ ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ. ಕೆಳಗಿನ ಸಾಲಿನ ಚೀಲಗಳಿಂದ ಹಿಟ್ಟು ಗೋಂದಿನ ಹಾಗೆ ಸೋರುತ್ತಿತ್ತು.

"ಇನ್ಶೂರೆನ್ಸ್ ಉಂಟಲ್ಲ ಮಾರಾಯ್ರೆ, ಬ್ಯಾಂಕಿನವರೇ ಮಾಡಿಸಿದ್ದಾರೆ" ಅಂದರು. ಮುಖದಲ್ಲಿ ಅಷ್ಟೇನೂ ಗಾಬರಿ ಇರಲಿಲ್ಲ.

ಬ್ಯಾಂಕಿನಿಂದ ಪಾಲಿಸಿ ತರಿಸಿ ನೋಡಿದೆವು. ಪ್ರತಿ ವರ್ಷ ಖಾತೆಯಿಂದ ಪ್ರೀಮಿಯಂ ಕಟ್ ಆಗಿತ್ತು. ಪಾಲಿಸಿಯೂ ಚಾಲ್ತಿಯಲ್ಲಿತ್ತು. ಆದರೆ ಅದರಲ್ಲಿದ್ದ ವಿಳಾಸ ಎರಡು ವರ್ಷದ ಹಿಂದೆ ಬಿಟ್ಟು ಬಂದಿದ್ದ ಹಳೇ ಅಂಗಡಿಯದ್ದು. ಹೊಸ ಜಾಗದ ಬಗ್ಗೆ ಯಾರೂ ಯಾರಿಗೂ ಹೇಳಿರಲಿಲ್ಲ. ಕ್ಲೇಮ್ ಸಿಗಲಿಲ್ಲ.

ಅವತ್ತಿನಿಂದ ಯಾರಾದರೂ "ಯಾವ ಕಂಪನಿಯ ಇನ್ಶೂರೆನ್ಸ್ ಒಳ್ಳೆಯದು?" ಅಂತ ಕೇಳಿದರೆ ನಾನು ಕಂಪನಿ ಹೆಸರು ಹೇಳಲು ಹೋಗುವುದಿಲ್ಲ. ಒಂದು ನೋಟ್‌ಬುಕ್ ತಗೊಂಡು ಮೊದಲು ನಿಮ್ಮ ಅಂಗಡಿಯನ್ನೇ ಒಂದು ಸುತ್ತು ಹಾಕಿ ಬನ್ನಿ ಅನ್ನುತ್ತೇನೆ. ಆ ಕೆಲಸದಿಂದಲೇ ಶುರು ಮಾಡೋಣ.

ಹಂತ 1: ನೋಟ್‌ಬುಕ್ ಹಿಡಿದು ಅಂಗಡಿ ಸುತ್ತಿ

ಭಾನುವಾರ ಸಂಜೆ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಮಾಡಿ. ರಸ್ತೆಯಲ್ಲಿ ನಿಂತು ಬೋರ್ಡಿನಿಂದ ಶುರು ಮಾಡಿ. ಬೋರ್ಡು, ಶಟರ್, ಗಾಜು, ಕೌಂಟರ್, ಫ್ರಿಜ್, ಕಂಪ್ಯೂಟರ್, ಇನ್ವರ್ಟರ್, ಯಂತ್ರ, ಸ್ಟಾಕ್. ಪ್ರತಿಯೊಂದರ ಮುಂದೆ ಎರಡು ವಿಷಯ ಬರೆಯಿರಿ. ಇವತ್ತು ಹೊಸದು ತರಲು ಎಷ್ಟು ಬೇಕು? ಇದು ಹಾಳಾಗುವುದಾದರೆ ಯಾವುದರಿಂದ: ನೀರಾ, ಬೆಂಕಿಯಾ, ಕಳ್ಳನಾ, ಕರೆಂಟಾ?

ಹೆಚ್ಚಿನವರು ಮರೆಯುವುದು ಅಂಗಡಿಯ ಹೊರಗೆ ಇರುವುದನ್ನು. ಬಂದರಿನ ಗೋಡೌನ್‌ನಲ್ಲಿ ಇಟ್ಟ ಅರ್ಧ ಲೋಡು, ಮನೆಯ ಶೆಡ್ಡಿನಲ್ಲಿ ಇಟ್ಟ ಪ್ಯಾಕಿಂಗ್ ಸಾಮಾನು, ಇವೆಲ್ಲ ಬೇರೆ ವಿಳಾಸ. ಪಾಲಿಸಿಯಲ್ಲಿ ಆ ವಿಳಾಸ ಇಲ್ಲದಿದ್ದರೆ ಆ ಮಾಲಿಗೆ ರಕ್ಷಣೆಯೂ ಇಲ್ಲ. ಎರಡು ಮೂರು ಕಡೆ ಸ್ಟಾಕ್ ಓಡಾಡುತ್ತಿದ್ದರೆ ಫ್ಲೋಟರ್ ಎಂಬ ವ್ಯವಸ್ಥೆ ಇದೆ. ಎಲ್ಲ ವಿಳಾಸ ಬರೆಸಿ, ಒಟ್ಟು ಸ್ಟಾಕಿಗೆ ಒಂದೇ ಮೊತ್ತ ಹಾಕಿಸಬಹುದು.

ಇನ್ನೊಂದು, ನಿಮ್ಮಲ್ಲಿರುವ ಬೇರೆಯವರ ಸೊತ್ತು. ಟೈಲರ್ ಅಂಗಡಿಯಲ್ಲಿ ನೇತು ಹಾಕಿರುವ ಗಿರಾಕಿಗಳ ರೇಷ್ಮೆ ಸೀರೆ, ರಿಪೇರಿಗೆ ಬಂದ ಮೊಬೈಲು, ಐಸ್‌ಕ್ರೀಮ್ ಕಂಪನಿಯವರು ಕೊಟ್ಟ ಫ್ರೀಜರ್. ಇವು ನಿಮ್ಮದಲ್ಲ, ಆದರೆ ಸುಟ್ಟು ಹೋದರೆ ಅವರು ಕೇಳುವುದು ನಿಮ್ಮನ್ನೇ. ಇಂಥದ್ದು ಇದೆ ಅಂತ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು.

ಕೊನೆಗೆ ಪಕ್ಕದ ಹಳೇ ಅಂಗಡಿಯವರ ಹತ್ತಿರ ಒಂದು ಮಾತು ಕೇಳಿ: "ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಉಡುಪಿಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಲ್ಸಂಕ, ಬನ್ನಂಜೆ ಕಡೆ ನೀರು ನುಗ್ಗಿದ್ದನ್ನು ನೋಡಿದವರು ಗೋಡೆಯಲ್ಲಿ ಬೆರಳಿಟ್ಟು ತೋರಿಸುತ್ತಾರೆ. ಆ ಗೆರೆಗಿಂತ ಕೆಳಗೆ ಇರುವುದೆಲ್ಲ ನಿಮ್ಮ ಪಟ್ಟಿಯಲ್ಲಿ ಮೊದಲು ಬರಲಿ.

ಹಂತ 2: ಮೌಲ್ಯ ಸರಿಯಾಗಿ ಹಾಕಿ

ಜಾಸ್ತಿ ದುಡ್ಡು ಕೈತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ.

ಪ್ರೀಮಿಯಂ ಉಳಿಸಲು ಮೊತ್ತ ಕಡಿಮೆ ಹಾಕಿಸುವವರು ತುಂಬಾ ಜನ. "ಇಡೀ ಅಂಗಡಿ ಎಲ್ಲಿ ಹೋಗುತ್ತದೆ? ಅರ್ಧಕ್ಕೆ ಮಾಡಿದರೆ ಸಾಕು" ಅನ್ನುವ ಲೆಕ್ಕ. ಇನ್ಶೂರೆನ್ಸ್‌ನಲ್ಲಿ ಲೆಕ್ಕ ಹಾಗೆ ನಡೆಯುವುದಿಲ್ಲ. ನಿಮ್ಮ ಅಂಗಡಿಯಲ್ಲಿ 30 ಲಕ್ಷದ ಸೊತ್ತು ಇದೆ, ಪಾಲಿಸಿ ಮಾಡಿಸಿದ್ದು 15 ಲಕ್ಷಕ್ಕೆ ಅಂತ ಇಟ್ಟುಕೊಳ್ಳಿ. 6 ಲಕ್ಷದ ನಷ್ಟ ಆಯಿತು. ಪಾಲಿಸಿಯಲ್ಲಿ 15 ಲಕ್ಷ ಇದೆಯಲ್ಲ, 6 ಲಕ್ಷ ಪೂರ್ತಿ ಬರಬೇಕು ಅನ್ನಿಸುತ್ತದೆ ಅಲ್ವಾ? ಬರುವುದು 3 ಲಕ್ಷ. ಅರ್ಧಕ್ಕೆ ಮಾಡಿಸಿದವರು ಉಳಿದ ಅರ್ಧದ ನಷ್ಟವನ್ನು ತಾವೇ ಹೊತ್ತುಕೊಂಡ ಹಾಗೆ ಅನ್ನುವುದು ಕಂಪನಿಯ ಲೆಕ್ಕ. ಸಣ್ಣ ಉದ್ಯಮಗಳ ಈಗಿನ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ. 30 ಲಕ್ಷದ ಸೊತ್ತಿಗೆ 26 ಲಕ್ಷ ಹಾಕಿದ್ದರೆ ಕಡಿತ ಇಲ್ಲ. ಅದಕ್ಕಿಂತ ಕೆಳಗೆ ಇಳಿದರೆ ಕತ್ತರಿ ಬೀಳುತ್ತದೆ.

ಎರಡನೇ ತಪ್ಪು ಬ್ಯಾಲೆನ್ಸ್ ಶೀಟ್ ನೋಡಿ ಮೊತ್ತ ಹಾಕುವುದು. ನಾವು ಲೆಕ್ಕದವರು ಯಂತ್ರಕ್ಕೆ ವರ್ಷಕ್ಕೆ ಶೇ. 15 ಸವಕಳಿ ಕಳೆಯುತ್ತಾ ಬರುತ್ತೇವೆ. 8 ಲಕ್ಷಕ್ಕೆ ತಂದ ಓವನ್ ಆರು ವರ್ಷದಲ್ಲಿ ಪುಸ್ತಕದಲ್ಲಿ 3 ಲಕ್ಷಕ್ಕೆ ಇಳಿದಿರುತ್ತದೆ. ಆದಾಯ ತೆರಿಗೆಗೆ ಅದು ಸರಿ. ಆದರೆ 3 ಲಕ್ಷ ಹಿಡಿದು ಹೋದರೆ ಯಾರು ಹೊಸ ಓವನ್ ಕೊಡುತ್ತಾರೆ? ಯಂತ್ರ, ಪೀಠೋಪಕರಣಗಳಿಗೆ ಹೊಸದು ತರುವ ಬೆಲೆಯಲ್ಲೇ ಮೊತ್ತ ಹಾಕಿಸಿ. ಪಾಲಿಸಿಯಲ್ಲಿ "ರೀಇನ್‌ಸ್ಟೇಟ್‌ಮೆಂಟ್ ವ್ಯಾಲ್ಯೂ" ಅಂತ ಇದೆಯಾ, "ಮಾರ್ಕೆಟ್ ವ್ಯಾಲ್ಯೂ" ಅಂತ ಇದೆಯಾ ನೋಡಿ. ಮೊದಲನೆಯದು ಹೊಸದರ ಬೆಲೆ, ಎರಡನೆಯದು ಸವಕಳಿ ಕಳೆದ ಬೆಲೆ.

ಸ್ಟಾಕಿನ ಲೆಕ್ಕ ಬೇರೆ. ಅದಕ್ಕೆ ಲಾಭ ಸೇರಿಸಬಾರದು, ಕೊಂಡ ಬೆಲೆ ಮತ್ತು ತರಿಸಿದ ಖರ್ಚು ಮಾತ್ರ. ಆದರೆ ಯಾವ ತಿಂಗಳ ಸ್ಟಾಕು? ಬಟ್ಟೆ ಅಂಗಡಿಯಲ್ಲಿ ಜುಲೈಯಲ್ಲಿ ಇರುವ ಮಾಲಿಗೂ ಚೌತಿ, ದೀಪಾವಳಿಗೆ ಮೊದಲು ತುಂಬಿಸುವ ಮಾಲಿಗೂ ಅಜಗಜಾಂತರ. ಉಡುಪಿ ರಥಬೀದಿ ಸುತ್ತಮುತ್ತ ಇರುವವರಿಗೆ ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಕೃಷ್ಣ ಮಠದ ಪರ್ಯಾಯ ಉತ್ಸವ ಬೇರೆ. ವರ್ಷದಲ್ಲಿ ಅತಿ ಹೆಚ್ಚು ಸ್ಟಾಕ್ ಇರುವ ವಾರದ ಮೌಲ್ಯವನ್ನೇ ಹಾಕಿಸಿ. ಅದು ತುಂಬಾ ದುಬಾರಿ ಅನ್ನಿಸಿದರೆ ಹಬ್ಬಕ್ಕೆ ಮೊದಲು ಮೊತ್ತ ಏರಿಸಿ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ತಿದ್ದುಪಡಿ) ಮಾಡಿಸಿಕೊಳ್ಳಿ.

ಜಿಎಸ್‌ಟಿ ವಿಷಯ ಏಜೆಂಟರೂ ಹೆಚ್ಚಾಗಿ ಹೇಳುವುದಿಲ್ಲ. ಮಾಲು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಗೆ ನೀವು ಇನ್‌ಪುಟ್ ಕ್ರೆಡಿಟ್ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಡಿತ) ತಗೊಂಡಿರುತ್ತೀರಿ. ಆ ಮಾಲು ಸುಟ್ಟರೆ, ಕಳುವಾದರೆ, ಹಾಳಾದರೆ ಜಿಎಸ್‌ಟಿ ಕಾಯ್ದೆಯ 17(5) ಕಲಂ ಪ್ರಕಾರ ಆ ಕ್ರೆಡಿಟ್ ವಾಪಸ್ ಕಟ್ಟಬೇಕು. ಅಂದರೆ ನಷ್ಟದ ಮೇಲೆ ಇನ್ನೊಂದು ನಷ್ಟ. ಆದ್ದರಿಂದ ಸ್ಟಾಕಿನ ಮೊತ್ತಕ್ಕೆ ಜಿಎಸ್‌ಟಿ ಸೇರಿಸಿ, ಸೇರಿಸಿದ್ದೇವೆ ಅಂತ ಪಾಲಿಸಿಗೆ ಅರ್ಜಿ ಹಾಕುವ ಪ್ರಪೋಸಲ್ ಫಾರಂನಲ್ಲೇ ಬರೆಯಿರಿ. ಬಾಯಲ್ಲಿ ಹೇಳಿದ್ದು, ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದಾಗ ನಡೆಯುವುದಿಲ್ಲ.

ಕಟ್ಟಡ ಬಾಡಿಗೆಯದ್ದಾದರೆ ಕಟ್ಟಡದ ಇನ್ಶೂರೆನ್ಸ್ ಮಾಲೀಕರ ಕೆಲಸ. ನೀವು ಖರ್ಚು ಮಾಡಿ ಹಾಕಿಸಿದ ಫಾಲ್ಸ್ ಸೀಲಿಂಗ್, ರ‍್ಯಾಕ್, ವೈರಿಂಗ್ ಮಾತ್ರ ನಿಮ್ಮ ಪಟ್ಟಿಗೆ ಬರಲಿ.

ಹಂತ 3: ಮೂಲ ಪಾಲಿಸಿ

ಒಂದೇ ಜಾಗದಲ್ಲಿರುವ ನಿಮ್ಮ ಒಟ್ಟು ಸೊತ್ತಿನ ಮೌಲ್ಯ 5 ಕೋಟಿಯ ಒಳಗಿದ್ದರೆ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಕೇಳಿ. 5 ಕೋಟಿ ದಾಟಿ 50 ಕೋಟಿವರೆಗೆ ಇದ್ದರೆ "ಭಾರತ್ ಲಘು ಉದ್ಯಮ ಸುರಕ್ಷಾ". 2021ರ ಏಪ್ರಿಲ್ 1ರಿಂದ ಇವು ಜಾರಿಯಲ್ಲಿವೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಶರತ್ತುಗಳನ್ನು ಬರೆದು ಕೊಟ್ಟ ಕಾರಣ ಯಾವ ಕಂಪನಿಯಲ್ಲಿ ತಗೊಂಡರೂ ಮೂಲ ರಕ್ಷಣೆ ಒಂದೇ. ಬದಲಾಗುವುದು ಪ್ರೀಮಿಯಂ ಮತ್ತು ಕ್ಲೇಮ್ ಹೊತ್ತಿನ ಸೇವೆ.

ಬೆಂಕಿ, ಸಿಡಿಲು, ಸ್ಫೋಟ, ಗಾಳಿ, ಚಂಡಮಾರುತ, ನೆರೆ, ನೀರು ನುಗ್ಗುವುದು, ಭೂಕುಸಿತ, ಭೂಕಂಪ, ಗಲಭೆ, ಮೇಲಿನ ನೀರಿನ ಟ್ಯಾಂಕ್ ಒಡೆಯುವುದು, ಇವೆಲ್ಲ ಇದರೊಳಗೇ ಇವೆ. ಇಂಥ ಅನಾಹುತವಾದ 7 ದಿನದೊಳಗೆ ಅದರಿಂದಾಗಿಯೇ ಕಳ್ಳತನ ಆದರೆ ಅದೂ ಬರುತ್ತದೆ. ಮಳೆ ನೀರಿನಿಂದ ಶಟರ್ ಕಿತ್ತು ಹೋದ ರಾತ್ರಿಯನ್ನು ಊಹಿಸಿಕೊಳ್ಳಿ, ಈ ಸಾಲು ಯಾಕೆ ಇದೆ ಅಂತ ಗೊತ್ತಾಗುತ್ತದೆ.

ಬಾರದ್ದು ಯಾವುದು? ಮಾಡಿನಿಂದ ವರ್ಷಗಟ್ಟಲೆ ಸೋರಿ ಗೋಡೆಗೆ ಬೂಸ್ಟು ಹಿಡಿಯುವುದು ಬರುವುದಿಲ್ಲ. ನಮ್ಮ ಕರಾವಳಿಯ ಅರ್ಧ ಕಟ್ಟಡಗಳ ಕಥೆ ಇದು, ಆದರೂ ಬರುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಫ್ರಿಜ್ ಮಾತ್ರ ಸುಟ್ಟು ಹೋದರೆ ಆ ಫ್ರಿಜ್ಜಿಗೆ ದುಡ್ಡಿಲ್ಲ. ಅದರಿಂದ ಹೊತ್ತಿದ ಬೆಂಕಿ ಅಂಗಡಿಗೆ ಹರಡಿದರೆ ಉಳಿದ ನಷ್ಟಕ್ಕೆ ಉಂಟು.

ಹಂತ 4: ಮೂಲ ಪಾಲಿಸಿಯ ಹೊರಗೆ ಉಳಿಯುವುದು

ಕಳ್ಳತನಕ್ಕೆ ಬರ್ಗ್ಲರಿ ಪಾಲಿಸಿ ಬೇರೆ. ಅದರಲ್ಲಿ ಬೀಗ ಮುರಿದು ಅಥವಾ ಒಡೆದು ಒಳಗೆ ಬಂದ ಗುರುತು ಇರಬೇಕು. ಜಾತ್ರೆ ದಿನ ಗಿರಾಕಿಯ ವೇಷದಲ್ಲಿ ಬಂದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೋದರೆ ಅದು ಬರ್ಗ್ಲರಿ ಅಲ್ಲ. ಕೆಲಸದವನೇ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೂ ಅಲ್ಲ. ಅದಕ್ಕೆ ಫಿಡೆಲಿಟಿ ಗ್ಯಾರಂಟಿ ಅಂತ ಇದೆ. ನಗದಿಗೆ ಮನಿ ಇನ್ಶೂರೆನ್ಸ್: ಅಂಗಡಿಯಿಂದ ಬ್ಯಾಂಕಿಗೆ ಒಯ್ಯುವಾಗ ಎಷ್ಟು, ಸೇಫಿನಲ್ಲಿ ಎಷ್ಟು ಅಂತ ಬೇರೆ ಬೇರೆ ಮಿತಿ ಇರುತ್ತದೆ. ಅಂಗಡಿ ಮುಚ್ಚಿದ ಮೇಲೆ ದುಡ್ಡು ಸೇಫಿನಲ್ಲಿ ಇರಬೇಕು ಅನ್ನುವುದು ಸಾಮಾನ್ಯ ಶರತ್ತು, ಮೇಜಿನ ಡ್ರಾಯರ್ ಸಾಲದು.

ಇವನ್ನೆಲ್ಲ ಒಂದೊಂದಾಗಿ ತಗೊಳ್ಳುವ ಬದಲು ಶಾಪ್‌ಕೀಪರ್ಸ್ ಪ್ಯಾಕೇಜ್ ಪಾಲಿಸಿ ನೋಡಬಹುದು. ಬೆಂಕಿ, ಕಳವು, ನಗದು, ಗಾಜು, ಬೋರ್ಡು, ಎಲೆಕ್ಟ್ರಾನಿಕ್ ಸಾಮಾನು, ಎಲ್ಲ ಒಂದೇ ಕಡೆ ವಿಭಾಗ ವಿಭಾಗವಾಗಿ ಇರುತ್ತವೆ. ಬೇಕಾದ್ದನ್ನು ಆರಿಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಗೆ ಗಾಜಿನ ವಿಭಾಗ ಯಾಕೆ? ಚಿನ್ನದ ಅಂಗಡಿಯವರು ಮಾತ್ರ ಈ ಪ್ಯಾಕೇಜಿಗೆ ಕೈ ಹಾಕಬೇಡಿ, ಅವರಿಗೆ ಜ್ಯುವೆಲರ್ಸ್ ಬ್ಲಾಕ್ ಅಂತಲೇ ಬೇರೆ ಪಾಲಿಸಿ ಇದೆ.

ಐಸ್‌ಕ್ರೀಮ್, ಮೀನು, ಹಾಲಿನ ವ್ಯಾಪಾರದವರು ಒಂದು ಪ್ರಶ್ನೆ ಕೇಳಲೇಬೇಕು: ಫ್ರೀಜರ್ ಕೆಟ್ಟು ಒಳಗಿನ ಮಾಲು ಹಾಳಾದರೆ? ಯಂತ್ರ ಕೆಡುವುದಕ್ಕೆ ಮೆಷಿನರಿ ಬ್ರೇಕ್‌ಡೌನ್, ಅದರಿಂದ ಮಾಲು ಕೆಡುವುದಕ್ಕೆ ಡಿಟೀರಿಯೊರೇಶನ್ ಆಫ್ ಸ್ಟಾಕ್. ಎರಡೂ ಬೇರೆ ಬೇರೆ. ಬರೀ ಮೊದಲನೆಯದು ತಗೊಂಡರೆ ಕಂಪ್ರೆಸರ್ ರಿಪೇರಿಯ ದುಡ್ಡು ಬರುತ್ತದೆ, ಒಳಗಿದ್ದ ಅಂಜಲ್ ಮೀನಿನ ದುಡ್ಡು ಬರುವುದಿಲ್ಲ. ಮಲ್ಪೆಯ ಬೋಟುಗಳ ಇನ್ಶೂರೆನ್ಸ್ ಬೇರೆಯೇ ಲೋಕ, ಅದಕ್ಕೆ ಇಲ್ಲಿ ಜಾಗ ಸಾಲದು.

ಗಾಡಿ ಇದ್ದರೆ ಥರ್ಡ್ ಪಾರ್ಟಿ ಕಡ್ಡಾಯ, ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಏನೆಂದರೆ, ಟೆಂಪೋದ ಪಾಲಿಸಿ ಟೆಂಪೋಗೆ ಮಾತ್ರ, ಒಳಗಿನ ಮಾಲಿಗೆ ಅಲ್ಲ. ಶಿರಾಡಿ ಘಾಟಿಯಲ್ಲಿ ಗಾಡಿ ಮಗುಚಿದರೆ ಮಾಲಿನ ನಷ್ಟಕ್ಕೆ ಟ್ರಾನ್ಸಿಟ್ ಇನ್ಶೂರೆನ್ಸ್ ಬೇಕು. ವಾರಕ್ಕೊಮ್ಮೆ ಲೋಡ್ ಬರುವವರಿಗೆ ವರ್ಷಕ್ಕೆ ಒಂದೇ ಓಪನ್ ಪಾಲಿಸಿ ಸಾಕು.

ಹಂತ 5: ಕೆಲಸದವರು, ಗಿರಾಕಿಗಳು

ಸಾಮಾನಿಗೆ ಇನ್ಶೂರೆನ್ಸ್ ಮಾಡಿಸಿ ಜನರನ್ನು ಮರೆಯುವವರೇ ಜಾಸ್ತಿ. ಕೆಲಸ ಮಾಡುವಾಗ ಅಪಘಾತವಾಗಿ ಕೆಲಸಗಾರ ಸತ್ತರೆ ಅಥವಾ ಅಂಗವಿಕಲನಾದರೆ ಪರಿಹಾರ ಕೊಡುವುದು ಮಾಲೀಕನ ಜವಾಬ್ದಾರಿ. 1923ರಿಂದಲೇ ಇದು ಕಾನೂನಿನಲ್ಲಿದೆ. ಒಂದು ಲೆಕ್ಕ ನೋಡಿ. 30 ವರ್ಷದ ಹುಡುಗ, ತಿಂಗಳಿಗೆ ₹15,000 ಸಂಬಳ. ಸಾವಿನ ಪರಿಹಾರ ಅಂದರೆ ಸಂಬಳದ ಅರ್ಧವನ್ನು, ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಅಂಕಿಯಿಂದ ಗುಣಿಸಿದ್ದು: 7,500 × 207.98. ಹತ್ತಿರ ಹತ್ತಿರ ₹15.6 ಲಕ್ಷ. ನಾಲ್ಕು ಜನ ಇಟ್ಟುಕೊಂಡು ನಡೆಸುವ ಹೋಟೆಲಿಗೆ ಒಂದೇ ಏಟಿಗೆ ಇಷ್ಟು ಹೊರೆ.

ಹತ್ತು ಅಥವಾ ಹೆಚ್ಚು ಜನ ಇದ್ದರೆ, ₹21,000ದವರೆಗೆ ಸಂಬಳ ಇರುವವರಿಗೆ ಸರ್ಕಾರದ ಕಾರ್ಮಿಕ ವಿಮೆಯಾದ ಇಎಸ್‌ಐ ಬರುತ್ತದೆ. ಸಂಬಳದ ಶೇ. 3.25 ನೀವು ಕಟ್ಟಬೇಕು, ಶೇ. 0.75 ಅವರದು. ಇಎಸ್‌ಐ ಇದ್ದವರಿಗೆ ಪರಿಹಾರ ಅಲ್ಲಿಂದಲೇ ಸಿಗುತ್ತದೆ. ಅದಕ್ಕಿಂತ ಸಣ್ಣ ಅಂಗಡಿಯವರು, ಮತ್ತು ₹21,000ಕ್ಕಿಂತ ಜಾಸ್ತಿ ಸಂಬಳದ ಅಡುಗೆ ಭಟ್ಟರು, ಮೆಕ್ಯಾನಿಕ್ ಇರುವವರು ಎಂಪ್ಲಾಯೀಸ್ ಕಾಂಪನ್ಸೇಶನ್ ಪಾಲಿಸಿ ಮಾಡಿಸಬೇಕು. ಅದರಲ್ಲಿ ಎಷ್ಟು ಜನ, ಯಾವ ಕೆಲಸ, ಎಷ್ಟು ಸಂಬಳ ಅಂತ ನಿಜ ಬರೆಯಿರಿ. ಐದು ಜನ ಇದ್ದು ಮೂರು ಅಂತ ಬರೆದರೆ, ಬಿದ್ದವನು ನಾಲ್ಕನೆಯವನು ಆಗಿದ್ದರೆ ಏನು ಮಾಡುತ್ತೀರಿ? ಆಸ್ಪತ್ರೆ ಖರ್ಚು ಸೇರಿಸಿಕೊಳ್ಳಲು ಸ್ವಲ್ಪ ಹೆಚ್ಚು ಪ್ರೀಮಿಯಂ ಆಗುತ್ತದೆ, ಸೇರಿಸಿಕೊಳ್ಳಿ.

ಇದರ ಜೊತೆಗೆ ಕೆಲಸದವರ ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ ₹20ರ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ಅಪಘಾತದ ಸಾವಿಗೆ ₹2 ಲಕ್ಷ. ನಿಮ್ಮ ಕಾನೂನಿನ ಜವಾಬ್ದಾರಿ ಅದರಿಂದ ತೀರುವುದಿಲ್ಲ, ಆದರೆ ಅವರ ಮನೆಯವರಿಗೆ ಉಪಯೋಗ ಆಗುತ್ತದೆ.

ಗಿರಾಕಿ ಒದ್ದೆ ನೆಲದಲ್ಲಿ ಜಾರಿ ಬಿದ್ದರೆ, ಊಟದಿಂದ ಹೊಟ್ಟೆ ಕೆಟ್ಟರೆ ಪಬ್ಲಿಕ್ ಲಯಬಿಲಿಟಿ. ಹೋಟೆಲ್, ಕ್ಯಾಟರಿಂಗ್, ಜಿಮ್, ಹೋಂಸ್ಟೇಯವರಿಗೆ ಇದು ಬೇಕೇ ಬೇಕು. ಹಪ್ಪಳ, ಉಪ್ಪಿನಕಾಯಿ ಮಾಡಿ ಊರೂರಿಗೆ ಕಳಿಸುವವರು ಪ್ರಾಡಕ್ಟ್ ಲಯಬಿಲಿಟಿಯನ್ನೂ ಕೇಳಲಿ. ಮೂಲೆಯ ದಿನಸಿ ಅಂಗಡಿಗೆ ನಾನು ಒತ್ತಾಯ ಮಾಡುವುದಿಲ್ಲ.

ಹಂತ 6: ಬ್ಯಾಂಕ್ ಮಾಡಿಸಿದ ಪಾಲಿಸಿ

ಸಾಲ ಇದ್ದರೆ ಬ್ಯಾಂಕಿನವರು ಪಾಲಿಸಿ ಮಾಡಿಸಿರುತ್ತಾರೆ. ಅವರು ನೋಡುವುದು ಅವರ ಸಾಲ ಭದ್ರ ಇದೆಯಾ ಅಂತ, ನಿಮ್ಮ ಅಂಗಡಿ ಪೂರ್ತಿ ಭದ್ರ ಇದೆಯಾ ಅಂತ ಅಲ್ಲ. 10 ಲಕ್ಷದ ಸಾಲಕ್ಕೆ 10 ಲಕ್ಷದ ಪಾಲಿಸಿ ಇರಬಹುದು, ಒಳಗಿನ ಸೊತ್ತು 30 ಲಕ್ಷ. ಆಗ ಮೇಲೆ ಹೇಳಿದ ಕತ್ತರಿ ಲೆಕ್ಕ ಶುರುವಾಗುತ್ತದೆ. ಬಂದ ಹಣವೂ ಮೊದಲು ಬ್ಯಾಂಕಿಗೆ ಹೋಗುತ್ತದೆ.

ಇವತ್ತೇ ಮ್ಯಾನೇಜರ್ ಹತ್ತಿರ ಪಾಲಿಸಿಯ ಪ್ರತಿ ಕೇಳಿ. ವಿಳಾಸ, ಮೊತ್ತ, ವ್ಯಾಪಾರದ ವಿವರ ನೋಡಿ. ತಪ್ಪಿದ್ದರೆ ಲಿಖಿತವಾಗಿ ತಿದ್ದಿಸಿ. ನೀವೇ ಪೂರ್ತಿ ಮೌಲ್ಯಕ್ಕೆ ಪಾಲಿಸಿ ಮಾಡಿಸಿ, ಬ್ಯಾಂಕಿನ ಹೆಸರು ಅದರಲ್ಲಿ ಸೇರಿಸಿ ಕೊಟ್ಟರೂ ಆಗುತ್ತದೆ.

ಹಂತ 7: ಕೊಟೇಶನ್, ಪ್ರಪೋಸಲ್, ದುಡ್ಡು

ಮೂರು ಕಡೆ ಕೊಟೇಶನ್ ತಗೊಳ್ಳಿ. ಮೂವರಿಗೂ ನೋಟ್‌ಬುಕ್ಕಿನ ಅದೇ ಪಟ್ಟಿ ಕೊಡಿ, ಇಲ್ಲದಿದ್ದರೆ ಹೋಲಿಸಿ ಪ್ರಯೋಜನ ಇಲ್ಲ. ಏಜೆಂಟ್ ಕಂಪನಿಯ ಪ್ರತಿನಿಧಿ, ಬ್ರೋಕರ್ ನಿಮ್ಮ ಪರ ಕೆಲಸ ಮಾಡಬೇಕಾದವರು. ಈ ವ್ಯತ್ಯಾಸ ತಲೆಯಲ್ಲಿರಲಿ. ನನ್ನ ಕೇಳಿದರೆ, ನೂರು ಇನ್ನೂರು ಕಡಿಮೆಗೆ ಓಡುವುದಕ್ಕಿಂತ ಕ್ಲೇಮ್ ಹೊತ್ತಿಗೆ ಫೋನ್ ಎತ್ತುವ ಮನುಷ್ಯ ಮುಖ್ಯ. ಪಕ್ಕದ ಅಂಗಡಿಯವರಿಗೆ ಯಾರಿಂದ ಕ್ಲೇಮ್ ಸಿಕ್ಕಿತು ಅಂತ ವಿಚಾರಿಸಿ.

ಪ್ರಪೋಸಲ್ ಫಾರಂ ನೀವೇ ತುಂಬಿಸಿ, ಖಾಲಿ ಫಾರಂಗೆ ಸಹಿ ಹಾಕಿ ಕೊಡಬೇಡಿ. ಹಿಂದೆ ನೀರು ಬಂದಿತ್ತಾ ಅಂತ ಕೇಳಿದರೆ ಬಂದಿತ್ತು ಅಂತಲೇ ಬರೆಯಿರಿ. ಹಿಂಬದಿಯಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಮೇಲಿನ ಮಹಡಿಯಲ್ಲಿ ಪಟಾಕಿ ಇಡುತ್ತೇವೆ, ಇದನ್ನೆಲ್ಲ ಮುಚ್ಚಿಟ್ಟರೆ ಆಮೇಲೆ ಕಂಪನಿಗೆ ಒಳ್ಳೇ ಕಾರಣ ಸಿಕ್ಕಿದ ಹಾಗೆ.

1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಬಾರದೆ ರಕ್ಷಣೆ ಶುರುವಾಗುವುದಿಲ್ಲ. ಏಜೆಂಟ್ ಕೈಗೆ ನಗದು ಕೊಟ್ಟು "ನಾಳೆ ಕಟ್ಟುತ್ತೇನೆ" ಅಂದರೆ ಆ ಒಂದು ರಾತ್ರಿ ನಿಮ್ಮದೇ ಹೊಣೆ. ಕಂಪನಿಯ ಖಾತೆಗೆ ನೇರ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಮಳೆಗಾಲ ಜೂನ್‌ನಲ್ಲಿ ಅಂತ ಕಾಯಬೇಡಿ, ಏಪ್ರಿಲ್‌ನಲ್ಲೇ ಮುಗಿಸಿ. 2018ರ ಆ ಮಳೆ ಬಂದದ್ದು ಮೇಯಲ್ಲಿ. 2021ರಲ್ಲಿ ತೌಕ್ತೆ ಚಂಡಮಾರುತವೂ ಮೇಯಲ್ಲೇ.

ಹಂತ 8: ಪಾಲಿಸಿ ಬಂದ ದಿನ

ಇಡೀ ಪುಸ್ತಕ ಓದಲು ಆಗದಿದ್ದರೆ ಪರವಾಗಿಲ್ಲ. ಶೆಡ್ಯೂಲ್ ಅನ್ನುವ ಮೊದಲ ಒಂದೆರಡು ಪುಟ ಪೆನ್ನು ಹಿಡಿದು ಓದಿ. ಹೆಸರು ಜಿಎಸ್‌ಟಿಯಲ್ಲಿ ಇರುವ ಹಾಗೇ ಇದೆಯಾ? ಡೋರ್ ನಂಬರ್ ಸರಿ ಇದೆಯಾ? ವ್ಯಾಪಾರದ ವಿವರದಲ್ಲಿ "ಬೇಕರಿ" ಬದಲು "ಜನರಲ್ ಸ್ಟೋರ್" ಅಂತ ಇದೆಯಾ? ಯಂತ್ರಕ್ಕೆ ಎಷ್ಟು, ಸ್ಟಾಕಿಗೆ ಎಷ್ಟು? ಕ್ಲೇಮ್ ಆದಾಗ ನಿಮ್ಮ ಕೈಯಿಂದ ಹೋಗುವ ಪಾಲು ಎಷ್ಟು? ತಪ್ಪು ಕಂಡರೆ ಅದೇ ದಿನ ಇಮೇಲ್ ಹಾಕಿ. ಪಾಲಿಸಿ, ಸ್ಟಾಕ್ ಲೆಕ್ಕ, ಬಿಲ್ಲುಗಳ ಫೋಟೋ ಮನೆಯಲ್ಲಿ ಒಂದು ಫೋನಿನಲ್ಲೂ ಇರಲಿ. ಅಂಗಡಿಗೆ ನೀರು ಬಂದಾಗ ಪಾಲಿಸಿಯೂ ಅಂಗಡಿಯ ಕೆಳಗಿನ ಡ್ರಾಯರ್‌ನಲ್ಲೇ ಇದ್ದರೆ?

ಹಂತ 9: ಅನಾಹುತ ಆದ ಮೇಲೆ

ಮೊದಲು ಮೇನ್ ಸ್ವಿಚ್ ಆಫ್. ಆಮೇಲೆ ಗುಡಿಸುವ ಮೊದಲು ಫೋಟೋ, ವಿಡಿಯೋ. ಗೋಡೆಯ ನೀರಿನ ಗೆರೆ, ನೆನೆದ ಚೀಲ, ಯಂತ್ರದ ನಂಬರ್ ಪ್ಲೇಟ್, ಎಲ್ಲ ಬರಲಿ. ಅವತ್ತೇ ಕಂಪನಿಗೆ ಫೋನ್ ಮಾಡಿ, ಇಮೇಲೂ ಹಾಕಿ. ಕಳವಾಗಿದ್ದರೆ ಪೊಲೀಸ್ ದೂರು, ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ. ನೆರೆಯಾದರೆ ಪತ್ರಿಕೆಯ ವರದಿ ಕತ್ತರಿಸಿ ಇಟ್ಟುಕೊಳ್ಳಿ.

ಹಾಳಾದ ಮಾಲನ್ನು ಸರ್ವೇಯರ್ ನೋಡುವ ತನಕ ಎಸೆಯಬೇಡಿ. ನಾರುತ್ತಿದ್ದರೆ ಅವರಿಗೆ ತಿಳಿಸಿ, ಲಿಖಿತ ಒಪ್ಪಿಗೆ ಪಡೆದು, ತೂಕ ಮಾಡಿ, ಫೋಟೋ ತೆಗೆದು ಸಾಗಿಸಿ. ಚೆನ್ನಾಗಿರುವ ಮಾಲನ್ನು ಎತ್ತರಕ್ಕೆ ಸರಿಸುವುದು ನಿಮ್ಮ ಕರ್ತವ್ಯ, "ಕ್ಲೇಮ್ ಬರುತ್ತದಲ್ಲ" ಅಂತ ನೀರಲ್ಲೇ ಬಿಟ್ಟರೆ ಅದೇ ಮುಳ್ಳಾಗುತ್ತದೆ. ಸರ್ವೇಯರ್ ಕೇಳುವುದು ಸ್ಟಾಕ್ ರಿಜಿಸ್ಟರ್, ಖರೀದಿ ಬಿಲ್ಲು, ಜಿಎಸ್‌ಟಿ ರಿಟರ್ನ್, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್. ಸಾಲ ಜಾಸ್ತಿ ಸಿಗಲಿ ಅಂತ ಬ್ಯಾಂಕಿಗೆ ಒಂದು ಲೆಕ್ಕ, ತೆರಿಗೆಗೆ ಇನ್ನೊಂದು ಲೆಕ್ಕ ಕೊಟ್ಟವರು ಸಿಕ್ಕಿಬೀಳುವುದು ಇಲ್ಲೇ.

ತಿರಸ್ಕಾರ ಆದರೆ, ಅಥವಾ ತೀರಾ ಕಡಿಮೆ ಕೊಟ್ಟರೆ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಗೆ ಫೋನ್ ಮಾಡಿಯೂ ದೂರು ಕೊಡಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಒಬ್ಬರೇ ಮಾಲೀಕರಿರುವ ವ್ಯಾಪಾರಕ್ಕೂ ಸೂಕ್ಷ್ಮ ಉದ್ಯಮಕ್ಕೂ ಅಲ್ಲಿ ಅವಕಾಶ ಇದೆ, ಮೊತ್ತ ₹50 ಲಕ್ಷದ ಒಳಗಿರಬೇಕು. ಕಂಪನಿಯ ಉತ್ತರ ಬಂದು ಒಂದು ವರ್ಷ ದಾಟುವ ಮೊದಲೇ ಅರ್ಜಿ ಹಾಕಿ. ನಮ್ಮ ರಾಜ್ಯದ ಕಚೇರಿ ಬೆಂಗಳೂರಿನಲ್ಲಿ. ಫೀಸು ಇಲ್ಲ, ವಕೀಲರೂ ಬೇಕಾಗಿಲ್ಲ.